ಚೆನ್ನಾಗಿರುವ ಕೈ

ಚರ್ಮದ ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ ತಂಗಿಗೆ ಕೆಲಸ. ಅವಳ ಯಂತ್ರಕ್ಕೆ ಸೂಜಿ ಬೇಡ, ಕತ್ತರಿ ಬೇಡ. ಬೆಳಕನ್ನು ಒಳಗೆ ಬಿಟ್ಟು ಚರ್ಮದ ಪದರಗಳನ್ನು ಪರದೆಯ ಮೇಲೆ ತೋರಿಸುತ್ತದೆ. ತೋರಿಸುವುದರಲ್ಲಿ ಮಹಾಶೂರ, ವಾಸಿ ಮಾಡೆಂದರೆ ಕೈಲಾಗದು. ಅವಳದೂ ಅದೇ ಪಾಡು. ಚಿತ್ರ ತೆಗೆಯಬಹುದು, ಬಾಯಿ ಬಿಡುವಂತಿಲ್ಲ. ಏನಿದ್ದರೂ ಡಾಕ್ಟರೇ ಹೇಳಬೇಕು.

ಇವತ್ತು ಬಂದು ಕೂತವಳು ಸ್ವಂತ ಅಕ್ಕ. ಮೊದಲು ಬಾಯಲ್ಲಿ ಹುಣ್ಣು, ಈಗ ಎಡಗೈ ತುಂಬ ಗುಳ್ಳೆ. ಮೈ ತನ್ನ ಚರ್ಮವನ್ನೇ ಹಗೆಯೆಂದು ತಿಳಿದು ಕಾದಾಡುವ ರೋಗವಿರಬಹುದೆಂದು ಡಾಕ್ಟರಿಗೆ ಅನುಮಾನ. ಚರ್ಮದ ಚೂರು ಕತ್ತರಿಸಿ ನೋಡೋಣವೆಂದಾಗ ಅಕ್ಕ ಎದ್ದು ಹೊರಟೇಬಿಟ್ಟಿದ್ದಳು. ತಂಗಿಯ ಯಂತ್ರ ಎಂದಮೇಲೆ ಒಪ್ಪಿದ್ದು.

"ಇದು ಕಚ್ಚಲ್ಲ ತಾನೇ?"

"ನಿನ್ನಷ್ಟು ಕಚ್ಚಲ್ಲ."

ಅಕ್ಕ ನಗಲು ಹೋಗಿ, ಹುಣ್ಣು ಎಳೆದು ಮುಖ ಕಿವುಚಿದಳು.

ಎಡಗೈಯ ಚಿತ್ರದಲ್ಲಿ ಮೇಲಿನ ಪದರ ಬಿರುಕುಬಿಟ್ಟು ಕಪ್ಪಗೆ ಕಾಣುತ್ತಿತ್ತು. ಗುಳ್ಳೆಯಿದ್ದಲ್ಲಿ ಅದು ಇರುವುದೇ.

"ಈ ಕೈ ಹಾಳಾಗ್ಲಿ ಬಿಡು. ಬಲಗೈ ನೋಡು, ಬೆಣ್ಣೆ ಹಾಗಿದೆ. ನಾಳೆ ಮಗಳು ಕೂಸನ್ನ ಕರ್ಕೊಂಡು ಬರ್ತಾಳೆ. ಮೊದಲ್ನೇ ಸಲ! ಈ ಕೈಯಲ್ಲೇ ಎತ್ಕೋತೀನಿ."

ಹೋಲಿಸಿ ನೋಡಲು ಒಳ್ಳೆಯ ಚರ್ಮದ ಚಿತ್ರವೂ ಬೇಕೆಂದು ಡಾಕ್ಟರು ಹೇಳಿದ್ದರು. ತಂಗಿ ಜೆಲ್ ಸವರಿ, ಯಂತ್ರದ ತುದಿಯನ್ನು ಒತ್ತದೆ ಹಿಡಿದಳು. ಹೊರಗೆ ಒಂದು ಕಲೆಯೂ ಇಲ್ಲ. ಪರದೆಯಲ್ಲಿ ಮಾತ್ರ ಪದರಗಳ ನಡುವೆ ಅಲ್ಲಲ್ಲಿ ಸಣ್ಣ ಕಪ್ಪು ಬಿರುಕು. ಮಣಿಕಟ್ಟಿಗೆ ಸರಿಸಿದಳು, ಅಲ್ಲೂ ಇತ್ತು. ಇಂಥ ಚರ್ಮಕ್ಕೆ ಒಂದು ಸಲ ಬಲವಾಗಿ ಉಜ್ಜಿದರೆ ಸಾಕು, ಮೇಲಿನ ಪದರ ಸುಲಿದು ಬರುತ್ತದೆ.

ಯಂತ್ರ ಕೆಟ್ಟಿರಲಿ ದೇವರೇ, ಎಂದು ಬೇಡಿಕೊಂಡಳು. ತನ್ನ ಕೈಗೇ ಹಿಡಿದು ನೋಡಿದಳು. ಪದರಗಳು ಒಂದಕ್ಕೊಂದು ಅಂಟಿ ಅಚ್ಚುಕಟ್ಟಾಗಿದ್ದವು. ಕೆಟ್ಟಿರಲಿಲ್ಲ ಹಾಳಾದ್ದು.

"ಚೆನ್ನಾಗಿದೆ ಅಲ್ವಾ?"

ಬಾಯಲ್ಲಿ ಬಿಸಿತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ.

"ಡಾಕ್ಟರು ಹೇಳ್ತಾರೆ ಅಕ್ಕ. ಚೂರು ತೆಗೀಬೇಕು ಅಂದ್ರೆ ಬೇಡ ಅನ್ಬೇಡ. ನಾಳೆ... ಕೂಸನ್ನ ಎತ್ಕೋಬೇಡ, ಪಕ್ಕದಲ್ಲಿ ಮಲಗಿಸ್ಕೊಂಡು ನೋಡು."

"ಯಾಕೆ? ನಿನ್ನನ್ನ ಎತ್ತಿ ಆಡ್ಸಿದ್ದೂ ಇದೇ ಕೈ ಕಣೇ ಪುಟ್ಟಿ!"

ಅಕ್ಕ ಆ ಕೈಯನ್ನು ಚಾಚಿ ತಂಗಿಯ ಕೆನ್ನೆಗೆ ಒತ್ತಿದಳು. ತಂಗಿ ಮುಖ ಹಿಂದಕ್ಕೆಳೆಯಲಿಲ್ಲ, ಕೈಯೊಳಗೆ ಒರಗಲೂ ಇಲ್ಲ. ಎಲ್ಲಿ ಆ ಕೈ ಉಜ್ಜೀತೋ ಎಂದು ಉಸಿರು ಬಿಗಿಹಿಡಿದು ನಿಂತಳು. ಅತ್ತರೆ ಕೆನ್ನೆ ಅಲುಗುತ್ತದೆಂದು ಅಳುವನ್ನೂ ತಡೆದುಕೊಂಡಳು.