ಪೊರೆ ಬಿಟ್ಟ ಹೊತ್ತು

ಏನೋ ಬೆಳ್ಳಗೆ ತೇಲಿತು, ಪ್ಲಾಸ್ಟಿಕ್ ಚೂರೇ, ಅಲ್ಲ, ಪೊರೆ, ಮೀಸೆ ಕಾಲು ಸಮೇತ ಇಡೀ ಪೊರೆ — ಫೆಲಿಸಾ ತೊಟ್ಟಿಯ ಮೇಲೆ ಬಾಗಿದಳು, ಹೊರಗೆ ಗಿಂಬಾಲ್ ಕಡಲತೀರದ ಸುಡುಮಧ್ಯಾಹ್ನ, ಮರಿ ಮಾಡುವ ಶೆಡ್ಡಿನೊಳಗೆ ಕರಿ ಟಾರ್ಪಾಲು ಹೊದಿಸಿ ಸಿಗಡಿಗಳಿಗೆಂದೇ ಮಾಡಿದ ಕತ್ತಲು, ಆ ಕತ್ತಲನ್ನು ನಂಬಿ ಈಗಷ್ಟೇ ಕಳಚಿದ್ದಾಳೆ, ನಾಲ್ಕನೇ ತೊಟ್ಟಿಯ ದೊಡ್ಡವಳು, ಹೆಣ್ಣು ಸಿಗಡಿ, ಫೆಲಿಸಾಳ ತಮ್ಮ ರುಫೋ ಆಳಕಡಲಿಂದ ತಂದವಳು, ಗೇಣು ಮೀರಿದ ಮೈ ಈಗ ನೆನೆದ ಕಾಗದದಷ್ಟು ಮೆತ್ತಗೆ, ಇವತ್ತೇ ಆಗಬೇಕಿತ್ತೇ ಇದು, ಡೆಲ್ಫಿನ್ ಸರ್ ಇಕ್ಕಳ ಹಿಡಿದು ಬರುವ ದಿನವೇ. ಒಂದು ಕಣ್ಣು ಹಿಸುಕಿ ತೆಗೆದರೆ ಬೇಗ ಮೊಟ್ಟೆ ಕಟ್ಟುತ್ತಾಳೆ, ಸರಿ, ಅದು ಕಸುಬು, ಆದರೆ ಚಿಪ್ಪು ಗಟ್ಟಿಯಿರುವಾಗ — ಮಾರ್ಚ್‌ನಲ್ಲಿ ಹೀಗೇ ಮೆತ್ತಗಿದ್ದ ಇನ್ನೊಬ್ಬಳಿಗೆ ಮಾಡು ಅಂದರು ಸರ್, ಫೆಲಿಸಾ ಮಾಡಿದಳು, ಅಂಗೈಯಲ್ಲೇ ಒಮ್ಮೆ ಮುದುಡಿ ಸತ್ತಿತು, ಆಮೇಲೆ ಎಲ್ಲರೆದುರು, ನಿನ್ನ ಕೈ ಒರಟು ಮನಾಂಗ್, ಬಟ್ಟೆ ಒಗೆಯೋಕೇ ಲಾಯಕ್ಕು. ಮನಾಂಗ್, ಅಕ್ಕಾ, ಎಂದು ಕರೆದೇ ಬೈಯುವ ಬಾಯಿ. ಅವಳು ಅದಕ್ಕೂ ಹೂಂ ಅಂದಿದ್ದಳು.

ಗಂಡುಗಳಿಗೆ ವಾಸನೆ ಹತ್ತಿದೆ, ಮೂರು, ಅವಳ ಮುಕ್ಕಾಲು ಗಾತ್ರವೂ ಇಲ್ಲ, ಹೊಟ್ಟೆಯಡಿ ಒಂದನ್ನೊಂದು ತಳ್ಳುತ್ತ ಈಜುತ್ತಿವೆ, ಬೇಗ, ಬೇಗ, ಈಗ ತಪ್ಪಿದರೆ ಚಿಪ್ಪು ಬಲಿಯುತ್ತದೆ, ಆಮೇಲೆ ಯಾವ ಗಂಡಿಗೂ ದಾರಿಯಿಲ್ಲ, ಇಟ್ಟ ಮೊಟ್ಟೆಯೆಲ್ಲ ಜೊಳ್ಳು — ಚಪ್ಪಲಿ ಸದ್ದು, ಬಂದೇಬಿಟ್ಟರು. ಏನ್ ಮನಾಂಗ್, ತೊಟ್ಟಿ ಮುಂದೆ ಜಪಮಾಲೆನಾ, ತೆಗಿ ಅವಳನ್ನ. ಸರ್, ಈಗಷ್ಟೇ ಪೊರೆ ಬಿಟ್ಟಿದಾಳೆ. ನಿನ್ನೆ ಬಿಟ್ಟಿರ್ತಾಳೆ ಬಿಡು, ಮರಿ ಕೇಳ್ಕೊಂಡು ಜನ ಬಂದ್ರೆ ನಿನ್ ಮುಖ ತೋರಿಸ್ಲಾ, ಎನ್ನುತ್ತ ತಾವೇ ನೀರಿಗೆ ಕೈ — ಫೆಲಿಸಾಳ ಕೈ ಯಾವಾಗ ಹೋಯಿತೋ, ಅವರ ಮಣಿಕಟ್ಟನ್ನು ಹಿಡಿದಿದೆ, ಬಿಡು ಅಂದರು, ಬಿಡಲಿಲ್ಲ, ಮೂರು ವರ್ಷದಲ್ಲಿ ನಾಲಿಗೆಗೆ ಬಾರದ ಮಾತು, ಬೇಡ ಸರ್, ಅಲ್ ನೋಡಿ — ಒಂದು ಗಂಡು ಅಂಗಾತ ತಿರುಗಿ ಹೊಟ್ಟೆಗೆ ಹೊಟ್ಟೆ ಹಚ್ಚಿತು, ಅಡ್ಡ ತಿರುಗಿತು, ಆ ಮೆತ್ತನೆ ಮೈ ಸುತ್ತ ಬಿಲ್ಲಾಗಿ ಬಾಗಿತು, ಒಮ್ಮೆ ಝಾಡಿಸಿತು, ಮುಗಿಯಿತು, ಉಸಿರು ಬಿಡುವಷ್ಟರಲ್ಲಿ.

ಡೆಲ್ಫಿನ್ ಕೈ ಬಿಡಿಸಿಕೊಂಡರು, ಅಂಗಿಗೆ ಒರೆಸಿಕೊಂಡರು. ನಾಲ್ಕು ದಿನ, ಚಿಪ್ಪು ಗಟ್ಟಿಯಾಗ್ಲಿ, ಆಮೇಲೆ ನೀನೇ ಕಣ್ಣು ತೆಗೀಬೇಕು, ತಿಳೀತಾ. ತಿಳೀತು ಸರ್. ಹೋದರು, ಗೆದ್ದಳು, ಗೆದ್ದಳಲ್ಲವೇ, ದೊಡ್ಡವಳು ಬದುಕಿದ್ದಾಳೋ ನೋಡಬೇಕು, ಟಾರ್ಚ್ ಹಾಕಿದಳು, ತೊಟ್ಟಿಯ ಮೂಲೆಯಲ್ಲಿ ಎರಡು ಕೆಂಡ, ಅವಳ ಕಣ್ಣು, ಬೆಳಕಿಗೆ ಹತ್ತಿಕೊಂಡು ಇತ್ತಲೇ, ನಾಲ್ಕು ದಿನಕ್ಕೆ ತೆಗೆಯುವುದು ಯಾವುದು, ಎಡದ್ದೋ, ಬಲದ್ದೋ, ಟಾರ್ಚ್ ಆರಿಸಿದಳು, ಮತ್ತೆ ಹಾಕಿದಳು, ಎರಡು ಕೆಂಡ, ಎರಡೂ ಇನ್ನೂ ಇತ್ತಲೇ.