ಕೆಂಪು ನೀರಿನ ಲೋಟ

"ಆ ಲೋಟ ಎತ್ತೇ ಮೊದ್ಲು. ಮೇಜಿನ ಮ್ಯಾಲೆ ಇಡಕ್ಕೆ ನಿಂಗ್ಯಾರೇ ಹೇಳಿದ್ದು, ಮುಂಡೇದೆ?"

ಪಂಚಾಯ್ತಿ ಅಧ್ಯಕ್ಷ ಕಲ್ಲೇಶಪ್ಪನವರು ಕುರ್ಚಿಯಿಂದ ಏಳದೆಯೇ ಬೈದರು. ಪಂಚಾಯ್ತಿ ಆಫೀಸಿನ ಮೇಜಿನ ಮೇಲೆ, ಅವರ ಕಾಫಿ ಲೋಟದ ಪಕ್ಕದಲ್ಲೇ, ನಮ್ಮ ಹುಚ್ಚಮ್ಮ ತನ್ನ ಸ್ಟೀಲ್ ಲೋಟ ಇಟ್ಟಿದ್ದಳು. ಅದರ ತುಂಬ ಕೆಂಪು ನೀರು.

ಹುಚ್ಚಮ್ಮ ನಮ್ಮೂರ ಕೆರೆಯ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಏರಿ ಕಾಯುವುದು ಗಂಡ ಸತ್ತ ಮೇಲೆ ಅವಳ ಪಾಲಿಗೆ ಬಂದ ಕೆಲಸ. ಮಳೆಗಾಲದಲ್ಲಿ ದಿನಾ ಬೆಳಗ್ಗೆ ಏರಿಯ ಬುಡದಲ್ಲಿ ಜಿನುಗುವ ನೀರನ್ನು ಲೋಟಕ್ಕೆ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾಳೆ. ತಿಳಿಯಾಗಿದ್ದರೆ ಭಯವಿಲ್ಲ, ಯಾವ ಏರಿಯಾದರೂ ಸ್ವಲ್ಪ ಬೆವರುತ್ತದೆ. ಕೆಂಪಗಿದ್ದರೆ ಏರಿ ಒಳಗಿನಿಂದಲೇ ಮಣ್ಣು ಬಿಡುತ್ತಿದೆ ಎಂದು ಅರ್ಥ. ಏರಿಯ ಕೆಳಗಿರುವುದು ನಮ್ಮ ಕೇರಿ, ಮೂವತ್ತೆರಡು ಮನೆ. ಮೊದಲನೆಯದು ಹುಚ್ಚಮ್ಮನದೇ. ಅದರೊಳಗೆ ಮಗಳು ಹೇಮಾಶ್ರೀ ಒಂಬತ್ತು ದಿನದ ಬಾಣಂತಿ.

ಹುಚ್ಚಮ್ಮ ಲೋಟ ಎತ್ತಿ ಕೈಯಲ್ಲಿ ಹಿಡಿದುಕೊಂಡಳು. "ಸಾಹೇಬ್ರಿಗೆ ತೋರ್ಸಕ್ಕೆ ತಂದೆ ಯಜಮಾನ್ರೆ. ಮೂರು ದಿನದಿಂದ ಕೆಂಪಗೆ ಬತ್ತಾ ಐತೆ. ಇವತ್ತು ಇನ್ನೂ ಮಂದ ಆಗೈತೆ. ಕೋಡಿ ಮ್ಯಾಲಿನ ಮೂಟೆ ತೆಗ್ಸಿ."

ಸಾಹೇಬರೆಂದರೆ ಚೇತನ್‌ಕುಮಾರ್. ನೆರೆ ಬಂದರೆ ಎಲ್ಲೆಲ್ಲಿ ಅಪಾಯ ಎಂದು ಟ್ಯಾಬಿನಲ್ಲಿ ನಕ್ಷೆ ಮಾಡಲು ಬಂದವರು. ಅಪಾಯವಿದ್ದಲ್ಲಿ ಕೆಂಪು, ಇಲ್ಲದಲ್ಲಿ ಹಸಿರು. ಬೆಳಗ್ಗೆ ಏರಿಯ ಮೇಲೆ ಕಲ್ಲೇಶಪ್ಪನವರ ಕಾರಿನಲ್ಲಿ ಹೋಗಿ ಬಂದಿದ್ದರು. ಕೇರಿಗೆ ಇಳಿಯಲಿಲ್ಲ, ಶೂ ಕೆಸರಾಗುತ್ತದಲ್ಲ.

"ಏರಿ ಗಟ್ಟಿಯಾಗೇ ಇದೆಯಲ್ಲಮ್ಮ," ಎಂದು ಅವರು ಟ್ಯಾಬ್ ತಿರುಗಿಸಿ ತೋರಿಸಿದರು. ಹುಚ್ಚಮ್ಮನ ಜೊತೆಗೆ ಬಂದಿದ್ದ ನಾನೂ ಬಗ್ಗಿ ನೋಡಿದೆ. ನಮ್ಮ ಕೇರಿ ಇರಬೇಕಾದ ಜಾಗ ಹಸಿರಾಗಿತ್ತು. ಒಂದು ಮನೆಯೂ ಇರಲಿಲ್ಲ.

"ಸಾ, ಅಲ್ಲಿ ನಾವದೀವಿ," ಅಂದೆ.

"ದಾಖಲೆಯಲ್ಲಿ ಅದು ಗೋಮಾಳ. ಹಕ್ಕುಪತ್ರ ಇದ್ರೆ ತೋರ್ಸಿ, ಸೇರಿಸ್ತೀನಿ."

ನಮ್ಮಜ್ಜನ ಕಾಲದಿಂದ ನಾವು ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿದ್ದೇವೆ. ಓಟು ಕೇಳಲು ಬಂದವರಿಗೆ ಮಾತ್ರ ನಮ್ಮ ಮನೆಗಳು ಕಾಣುತ್ತವೆ.

ಕೆರೆಗೆ ಹೆಚ್ಚಾದ ನೀರು ಹೊರಹೋಗುವುದು ಕೋಡಿಯಲ್ಲಿ. ಆ ಕೋಡಿ ಹಳ್ಳದ ತುಂಬ ಈಗ ಕಲ್ಲೇಶಪ್ಪನವರ ತೆಂಗಿನ ಸಸಿಗಳು. ಮೇಲಾಗಿ ಶುಕ್ರವಾರ ಶಾಸಕರು ಬಾಗಿನ ಬಿಡಲು ಬರುತ್ತಾರೆ, ಅಲ್ಲಿಯವರೆಗೂ ಕೆರೆ ತುಂಬಿ ತುಳುಕುತ್ತಿರಬೇಕು. ಅದಕ್ಕೇ ಕೋಡಿಗೆ ಅಡ್ಡವಾಗಿ ಮರಳಿನ ಮೂಟೆ ಪೇರಿಸಿದ್ದರು. ಪೇರಿಸಿದ್ದು ಅವರಲ್ಲ, ನಾವು. ಕೂಲಿಗೆ ಹೋಗಿ, ನಮ್ಮ ಹೆಂಡಿರು ಮಕ್ಕಳ ನೆತ್ತಿಯ ಮೇಲೆ ನಾವೇ ನೀರು ನಿಲ್ಲಿಸಿ ಬಂದಿದ್ದೆವು. ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

"ಬಾಗಿನ ಆಗ್ಲಿ, ಆಮ್ಯಾಕೆ ನೋಡಾನ," ಅಂದರು ಕಲ್ಲೇಶಪ್ಪ.

"ಇವತ್ತಿನ್ನೂ ಮಂಗ್ಳವಾರ. ಬೇಲೂರು ಕಡೆ ಮೋಡ ಕಟ್ಟೈತೆ."

"ನಿಮ್ ಜಾತಿಯೋರ್ನ ತೂಬು ಮುಟ್ಟಕ್ಕೆ ಬಿಟ್ಟಿರದೇ ಹೆಚ್ಚು, ನಂಗೇ ಬುದ್ಧಿ ಹೇಳ್ತೀಯೇನೇ? ಒಂದು ಮೂಟೆ ಅಲ್ಲಾಡುದ್ರೂ ನಿಂಗೆ ಕೆಲ್ಸಾನೂ ಇಲ್ಲ, ಮನೇನೂ ಇಲ್ಲ."

ಹುಚ್ಚಮ್ಮ ಟ್ಯಾಬಿನ ಕಡೆ ನೋಡಿದಳು. "ಮನೆ ಇಲ್ಲ ಅಂತ ಸಾಹೇಬ್ರೇ ಬರ್ಕಂಡವ್ರೆ. ಇಲ್ದಿರದನ್ನ ನೀವೆಂಗೆ ಕಿತ್ಕಂತೀರಿ?"

ಲೋಟದ ನೀರನ್ನು ಆಫೀಸಿನ ಹೊಸ್ತಿಲ ಮೇಲೆ ಚೆಲ್ಲಿ ಹೊರಟಳು. ಮನೆಗೆ ಹೋಗಲಿಲ್ಲ, ನೇರ ಕೋಡಿಗೆ ನಡೆದಳು. ನಾನು ಕೇರಿಯವರನ್ನು ಕೂಗಿ ಕರೆದುಕೊಂಡು ಓಡಿದೆ. ನಾವು ಮುಟ್ಟುವಷ್ಟರಲ್ಲಿ ಅವಳು ಸೊಂಟದ ಕುಡುಗೋಲು ತೆಗೆದು ಮೊದಲನೇ ಮೂಟೆ ಸೀಳಿದ್ದಳು. ಮರಳು ಸುರಿಯುತ್ತಿತ್ತು.

"ಏನ್ರಲಾ ನೋಡ್ತಾ ನಿಂತಿದೀರ? ಹೊತ್ತಾಕಿದ್ದು ನೀವೇ ತಾನೆ?"

ಯಾರೂ ಮಿಸುಕಲಿಲ್ಲ. ನಾಳೆ ಕೂಲಿಗೆ ಕರೆಯುವವರೂ ಅದೇ ಕಲ್ಲೇಶಪ್ಪ. ಆದರೂ ನಾನು ನೀರಿಗಿಳಿದೆ. ನನ್ನ ಹಿಂದೆ ಕೆಂಚಪ್ಪ ಇಳಿದ, ಆಮೇಲೆ ಉಳಿದವರು. ಹತ್ತು ಹನ್ನೆರಡು ಮೂಟೆ ಎಳೆಯುವ ಹೊತ್ತಿಗೆ ಮಿಕ್ಕಿದ್ದನ್ನು ನೀರೇ ತಳ್ಳಿಕೊಂಡು ಹೋಯಿತು. ತೆಂಗಿನ ಸಸಿಗಳು ಬುಡಸಮೇತ ತೇಲಿದವು.

ಏರಿಯ ಮೇಲೆ ಕಲ್ಲೇಶಪ್ಪನವರ ಕಾರು ಬಂದು ನಿಂತಿತು. "ಲೇ ಸೂಳೆಮಕ್ಳಾ, ಪೊಲೀಸ್ನೋರು ಬತ್ತಾವ್ರೆ, ನಿಂತ್ಕಳ್ರಲಾ!"

ಹುಚ್ಚಮ್ಮ ತಿರುಗಿ ನೋಡಲಿಲ್ಲ. ಏರಿಯ ಬುಡಕ್ಕೆ ಇಳಿದು, ಲೋಟ ತೊಳೆದು, ಜಿನುಗಿಗೆ ಹಿಡಿದಳು. ತುಂಬಿದ ಮೇಲೆ ಬೆಳಕಿಗೆ ಎತ್ತಿದಳು. ಇನ್ನೂ ಕೆಂಪಗಿತ್ತು.

ಮಳೆಯ ಮೊದಲ ಹನಿಗಳು ಬಿದ್ದವು. ಮನೆಯೊಳಗೆ ಮಗು ಅಳುತ್ತಿತ್ತು.

"ಹೇಮಾನ ಎಬ್ಸು," ಅಂದಳು ನನಗೆ. "ಮಗೀನ ಎತ್ಕಂಡು ಎಲ್ರೂ ಇಸ್ಕೂಲ್ ದಿಬ್ಬಕ್ಕೆ ನಡೀರಿ."

"ನೀನೂ ಬಾರಕ್ಕ."

ಅವಳು ಲೋಟ ಬರಿದು ಮಾಡಿ ಮತ್ತೆ ಜಿನುಗಿಗೆ ಹಿಡಿದಳು.

"ಇನ್ನೊಂದು ಲೋಟ ನೋಡ್ಕಂಡು ಬತ್ತೀನಿ, ನಡಿ."