ಜಗಲಿಯ ಮೇಲಿಟ್ಟ ಕೈಖರ್ಚು

ಎಂ.ಕೆ. ಹುಬ್ಬಳ್ಳಿಯ ಮಡಿವಾಳೆಪ್ಪನ ಮನೆಯಲ್ಲಿ ಒಂದು ಚಂದದ ಕಟ್ಟಳೆ ಇತ್ತು. ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ರೊಕ್ಕ ಬಂದಾಗ ಗೊಬ್ಬರ, ಕಿರಾಣಿ, ಮಕ್ಕಳ ಶಾಲೆ ಎಂದು ಮೊದಲು ತೆಗೆದಿಡುವುದು. ಉಳಿದದ್ದರಲ್ಲಿ ಗಂಡನಿಗೊಂದು ಪಾಲು, ಹೆಂಡತಿಗೊಂದು ಪಾಲು. ಅದು ಕೈಖರ್ಚು. ಒಬ್ಬರು ಏನು ಮಾಡಿದರೂ ಇನ್ನೊಬ್ಬರು ಕೇಳುವಂತಿಲ್ಲ. ಕಟ್ಟಳೆ ಮಾಡಿದವನು ಮಡಿವಾಳೆಪ್ಪನೇ. ಚಹಾದಂಗಡಿಯಲ್ಲಿ ಅದನ್ನು ಹತ್ತು ಮಂದಿಯೆದುರು ಹೇಳಿ ಮೀಸೆ ತಿರುವಿದವನೂ ಅವನೇ.

ಹೆಂಡತಿ ಅನ್ನಪೂರ್ಣಾ ಅದನ್ನು ನಂಬಿದಳು. ಅವಳಿಗಿದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ಮಕ್ಕಳು ಎದೆಯೆತ್ತರ ಬೆಳೆದಿದ್ದರೂ ಅವಳು ಮಲಪ್ರಭೆಗಿಂತ ದೊಡ್ಡ ನೀರು ಕಂಡಿರಲಿಲ್ಲ. ಪಕ್ಕದ ಮನೆಯ ಮಾಯವ್ವ ಓಣಿಯ ಹೆಂಗಸರನ್ನು ಕೂಡಿಸಿ ಗೋಕರ್ಣಕ್ಕೆ ಟ್ರ್ಯಾಕ್ಸ್ ಗಾಡಿ ಗೊತ್ತುಮಾಡುತ್ತೇನೆಂದಾಗ ಮೊದಲು ಹೆಸರು ಕೊಟ್ಟವಳು ಇವಳು. ಅದಕ್ಕಾಗಿ ಎರಡು ಹಂಗಾಮು ಹೊಸ ಸೀರೆ ಕೊಳ್ಳಲಿಲ್ಲ. ಬೈಲಹೊಂಗಲದ ಸಂತೆಗೆ ಹೋದರೂ ಬಳೆಗಾರನ ಕಡೆ ಕತ್ತು ತಿರುಗಿಸಲಿಲ್ಲ. ಬಳೆಯೆಂದರೆ ಅವಳಿಗೂ ಜೀವ, ಆದರೆ ಸಮುದ್ರ ಅದಕ್ಕಿಂತ ಹೆಚ್ಚು ಬೇಕಾಗಿತ್ತು.

ರೊಕ್ಕವನ್ನು ಒಳಗಿನ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಹಿಂದೆ ಇಟ್ಟಿದ್ದಳು. ದೇವರ ಮುಂದೆ ಇಟ್ಟದ್ದನ್ನು ಇಟ್ಟವರನ್ನು ಕೇಳದೆ ಆ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ, ಅತ್ತೆಯ ಕಾಲದಿಂದಲೂ ಹಾಗೇ. ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರೆ ಗಂಡನ ಮೇಲೆ ಅನುಮಾನ ಪಟ್ಟಂತೆ ಎಂದುಕೊಂಡಳು, ಪಾಪ.

ಗೋಕರ್ಣಕ್ಕೆ ಹೊರಡುವ ಹಿಂದಿನ ದಿನ ಸುರೇಬಾನದಲ್ಲಿ ಮದುವೆ. ಕಬ್ಬು ಸಾಗಿಸುವುದರಲ್ಲಿ ಮಡಿವಾಳೆಪ್ಪನ ಜೊತೆಗಾರನಾದ ರಾಮಲಿಂಗಪ್ಪನ ಮಗಳದು. ಅಕ್ಕಿಕಾಳು ಬಿದ್ದ ಮೇಲೆ ಆಯೇರಿ ಶುರುವಾಯಿತು. ಯಾರು ಏನು ಉಡುಗೊರೆ ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುವ ರೂಢಿ ಅಲ್ಲಿ. ಸ್ಟೀಲಿನ ಕೊಡ ಬಂತು, ಗೋಡೆ ಗಡಿಯಾರ ಬಂತು. ಅನ್ನಪೂರ್ಣಾ ಹೆಂಗಸರ ಪಂಕ್ತಿಯಲ್ಲಿ ಕುಳಿತು ಬುಂದೇ ಉಂಡಿ ಮುರಿಯುತ್ತಿದ್ದಳು.

"ಎಂ.ಕೆ. ಹುಬ್ಬಳ್ಳಿ ಮಡಿವಾಳೆಪ್ಪನವರಿಂದ ಮದುಮಗನಿಗೆ ಬಂಗಾರದ ಉಂಗುರ!" ಎಂದಿತು ಮೈಕು.

"ನಿನ್ನ ಗಂಡನ ಕೈ ದೊಡ್ಡದು ಬಿಡವಾ" ಎಂದಳು ಬದಿಗೆ ಕುಳಿತ ಹೆಂಗಸು. ಬಂಗಾರ ಕೊಳ್ಳುವಷ್ಟು ರೊಕ್ಕ ಮನೆಯಲ್ಲಿ ಎಲ್ಲೆಲ್ಲಿತ್ತೆಂದು ಅನ್ನಪೂರ್ಣಾಳಿಗೆ ಯಾರೂ ಹೇಳಬೇಕಿರಲಿಲ್ಲ. ಮುರಿದ ಉಂಡಿಯನ್ನು ಎಲೆಯಲ್ಲೇ ಬಿಟ್ಟು ಎದ್ದಳು.

ಪೆಂಡಾಲಿನ ಹಿಂದೆ ಗಂಡನನ್ನು ತಡೆದು ನಿಲ್ಲಿಸಿದಳು. "ಜಗಲಿ ಮ್ಯಾಲಿಂದು ತಗದ್ರೇನ್ರಿ?"

"ಹೂಂ. ನಾಕ ಮಂದ್ಯಾಗ ಮರ್ಯಾದಿ ಉಳೀಬೇಕಲ್ಲ. ನಿಂದೇನು, ನಂದೇನು, ಎಲ್ಲಾ ಒಂದ ಅಲ್ಲೇನ?"

"ಹಂಗಾರ ನಿಮ್ಮ ಪಾಲಿಂದ ಯಾಕ ಕೊಡಲಿಲ್ರಿ?"

"ಅದು ಮೋಟರಸೈಕಲ್ಲಿಗೆ ಇಟ್ಟದ್ದು. ಅದರಾಗ ಹೆಂಗ ಕೈ ಹಾಕಲಿ?" ಹೇಳಿದ್ದರಲ್ಲಿ ತಪ್ಪೇನಿದೆ ಎಂಬಂಥ ಮುಖ ಅವನದು. "ಸಮುದ್ರ ಎಲ್ಲಿ ಓಡಿ ಹೊಕ್ಕೈತಿ? ಮುಂದಿನ ವರ್ಷ ನೋಡಿದ್ರಾತು."

ಕದ್ದು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೇನೋ. ಅವನಿಗೆ ತಾನು ಕದ್ದೆನೆಂಬುದೇ ಗೊತ್ತಿರಲಿಲ್ಲ. ಅವನ ಆಸೆಗೆ ಪಾಲಿತ್ತು, ಇವಳದಕ್ಕೆ ಬರೀ ಮಾತು. ಇಷ್ಟು ವರ್ಷ ಆ ಮಾತನ್ನು ನಂಬಿದ ತಾನೆಂಥ ಹುಚ್ಚಿ ಎಂದುಕೊಂಡಳು.

ಮರುದಿನ ಬೆಳಗ್ಗೆ ಟ್ರ್ಯಾಕ್ಸ್ ಮನೆಯ ಮುಂದೆ ಬಂದು ನಿಂತಿತು.

"ಏ ಅನ್ನಪೂರ್ಣಾ, ಲಗೂ ಬಾರವಾ!" ಎಂದು ಮಾಯವ್ವ ಇಳಿದು ಬಂದಳು.

ಕಟ್ಟೆಯ ಮೇಲಿದ್ದ ಮಡಿವಾಳೆಪ್ಪ ನಡುವೆ ಬಾಯಿ ಹಾಕಿದ. "ಅಕಿಗೆ ಆರಾಮಿಲ್ಲ ಮಾಯವ್ವಾ. ಜ್ವರ ಬಂದಾವು. ನೀವು ಹೋಗಿ ಬರ್ರಿ."

ಓಣಿಯ ಹೆಂಗಸರೆಲ್ಲ ಗಾಡಿಯಿಂದ ಕತ್ತು ಹೊರಹಾಕಿ ನೋಡಿದರು. ಅನ್ನಪೂರ್ಣಾ ಮಂದಿಯ ಮುಂದೆ ಗಂಡನ ಮಾತಿಗೆ ಎಂದೂ ಎದುರಾಡಿದವಳಲ್ಲ. ಒಳಗಿಂದ ಬಂದು ಹೊಸ್ತಿಲ ಮೇಲೆ ನಿಂತಳು.

"ನನಗ ಯಾ ಜ್ವರಾನೂ ಇಲ್ಲ ಮಾಯವ್ವಾ. ನನ್ನ ರೊಕ್ಕ ಇವರು ಕದ್ದಾರ."